ಕುಂಕುಮ ಇಡಬಾರದ ಜಾಗ

ಕೋಪರಖೈರಣೆ ಹತ್ತಿರದ ನಮ್ಮ ಲ್ಯಾಬಿನಲ್ಲಿ ಮೊನ್ನೆ ಆಯುಧ ಪೂಜೆಗೆಂದು ಕುಂಕುಮದ ಪೊಟ್ಟಣ ಬಿಚ್ಚಿದ್ದೇ ತಡ, ಆ ವಾಸನೆಗೆ ಭಟ್ಟಿ ಮಾಮ ನೆನಪಾದರು. ಲೋಹ ಪರೀಕ್ಷೆ ಮಾಡುವುದೇ ನನ್ನ ಹೊಟ್ಟೆಪಾಡು. ಅದಕ್ಕೆ ನನ್ನನ್ನು ಹಚ್ಚಿದವರು, ಹಚ್ಚಿದ ಮೇಲೆ ಬಿಡದಂತೆ ನೋಡಿಕೊಂಡವರು ಅವರೇ.

ಠಾಣೆ ಊರಿನಲ್ಲಿ ನಮ್ಮ ಪಕ್ಕದ ಮನೆಯವರು. ಉಡುಪಿ ಕಡೆಯವರೆಲ್ಲ ಹೋಟೆಲಿಗೆ ಸೇರುತ್ತಿದ್ದಾಗ ಈ ಮನುಷ್ಯ ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಹಲ್ಲುಚಕ್ರಗಳನ್ನು, ಅಂದರೆ ಗೇರುಗಳನ್ನು, ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವ ಭಟ್ಟಿಯ ಮುಂದೆ ನಿಂತಿದ್ದರು. ಮೈಯೆಲ್ಲ ಸುಟ್ಟ ಎಣ್ಣೆಯ ವಾಸನೆ... ಹೋಟೆಲಿನ ಕೌಂಟರಿನಲ್ಲಿ ಕೂರುವ ನನ್ನ ಅಪ್ಪ, ಇದಕ್ಕಿಂತ ನಮ್ಮ ಬೋಂಡದ ಎಣ್ಣೆಯೇ ವಾಸಿ ಎಂದು ತಮಾಷೆ ಮಾಡುತ್ತಿದ್ದರು. ಮಾಮನ ಮಾತು ಕೇಳಿ ನಾನು ಮೆಟಲರ್ಜಿ ಓದಿ ಅದೇ ಕಾರ್ಖಾನೆಗೆ ಟ್ರೈನಿಯಾಗಿ ಸೇರಿದಾಗ ಮಾತ್ರ ಅಪ್ಪನಿಗೆ ತಮಾಷೆ ಮರೆತುಹೋಯಿತು. ಆರು ತಿಂಗಳು ನೋಡು, ಒಗ್ಗದಿದ್ದರೆ ಬ್ಯಾಂಕ್ ಪರೀಕ್ಷೆ ಕಟ್ಟು ಎಂದು ಷರತ್ತು ಹಾಕಿದರು.

ಆ ಆರು ತಿಂಗಳ ನಡುವೆಯೇ ಆಯುಧ ಪೂಜೆ ಬಂತು. ಗೇರು ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಮಷಿನ್ ನನ್ನ ಪಾಲಿನದು. ಭಕ್ತಿ ಉಕ್ಕಿತು ನೋಡಿ, ಗೇರು ಕೂರಿಸುವ ಸೀಟಿನ ಮೇಲೆಯೇ ಎಣ್ಣೆಯಲ್ಲಿ ಕಲಸಿದ ಕುಂಕುಮದ ದಪ್ಪ ಬೊಟ್ಟು ಇಟ್ಟೆ! ರಜೆ ಮುಗಿಸಿ ಬಂದು ಮಾಮನ ಭಟ್ಟಿಯಿಂದ ಬಂದ ಹೊಸ ಲಾಟ್ ಅಳೆದರೆ, ಅರವತ್ತು ಬರಬೇಕಾದಲ್ಲಿ ಐವತ್ತೆರಡು, ಐವತ್ತಮೂರು. ಇಡೀ ಲಾಟ್ ರಿಜೆಕ್ಟ್ ಎಂದು ಬರೆದು ಸಹಿ ಹಾಕಿದೆ. ಕಾರ್ಖಾನೆಯ ಮಾಲೀಕ ಸೇಠ್ ಭಟ್ಟಿ ಮಾಮನ ಮೇಲೆ ಹರಿಹಾಯ್ದರು. ನಿನಗೆ ವಯಸ್ಸಾಯಿತು, ಇನ್ನು ಭಟ್ಟಿ ಬೇರೆಯವರಿಗೆ ಕೊಡುತ್ತೇನೆ ಎಂದೂ ಅಂದುಬಿಟ್ಟರು.

ಮಾಮ ನನ್ನ ಮಷಿನ್ ಹತ್ತಿರ ಬಂದು, ಗೇರು ಎತ್ತಿ, ಸೀಟಿನ ಮೇಲೆ ಬೆರಳಾಡಿಸಿದರು. ಬೆರಳು ಕೆಂಪಾಯಿತು. ಅವರು ಹೆಗಲ ಬಟ್ಟೆಯಿಂದ ಸೀಟು ಒರೆಸಿ, ಸೇಠ್ ಹತ್ತಿರ ಹೋಗದೆ ನೇರ ಭಟ್ಟಿಗೆ ಹೋದರು. ಮತ್ತೆ ಅಳೆದೆ, ಅರವತ್ತು ಬಂತು. ಬೊಟ್ಟಿನ ಮೇಲೆ ಕೂತ ಗೇರು ಒತ್ತಿದಾಗ ತುಸು ಕುಸಿದು, ಅಳತೆ ಕಡಿಮೆ ತೋರಿಸಿತ್ತು. ಮಷಿನ್ನೇ ಕೈಕೊಟ್ಟಿತ್ತು ಅಂದುಬಿಡಬಹುದಿತ್ತು. ಸುಳ್ಳೇಕೆ, ಆ ಮಾತು ಬಾಯಿವರೆಗೂ ಬಂದಿತ್ತು. ಆದರೆ ಆ ಕೆಂಪು ಬೆರಳು... ಸೇಠ್ ಮುಂದೆ ಹೋಗಿ ತಪ್ಪು ನನ್ನದು ಎಂದೆ. ಚೆನ್ನಾಗಿ ಬೈದರು. ಆಮೇಲೆ ಭಟ್ಟಿಯ ತನಕ ನಡೆದುಹೋಗಿ ಮಾಮನ ಕೈ ಹಿಡಿದರು.

ಸಂಜೆ ಬಸ್ಸಿನಲ್ಲಿ ಮಾಮನ ಹತ್ತಿರ, ಅಪ್ಪ ಹೇಳಿದ್ದೇ ಸರಿ, ನಾಳೆಯಿಂದ ಬರುವುದಿಲ್ಲ ಎಂದು ಅತ್ತುಬಿಟ್ಟೆ.

"ಎಂತ ಮಾರಾಯ್ತಿ, ಮೊದಲ ವರ್ಷ ನಾನು ಒಂದು ಇಡೀ ಲಾಟ್ ಸುಟ್ಟುಹಾಕಿದ್ದೆ. ನಿಂದು ಬರೀ ಒಂದು ಬೊಟ್ಟು" ಎಂದರು. "ನಾಳೆ ಬೇಗ ಬಾ."

ಹೋದೆ. ಕಾರ್ಖಾನೆ ಬದಲಾಯಿತು, ಲ್ಯಾಬ್ ಬದಲಾಯಿತು, ಕೆಲಸ ಬಿಡಲಿಲ್ಲ. ಅಪ್ಪ ಈಗ ನೆಂಟರ ಮುಂದೆ ನನ್ನ ಬಗ್ಗೆ ಕೊಚ್ಚಿಕೊಳ್ಳುವುದನ್ನು ಕೇಳಬೇಕು! ಮಾಮ ರಿಟೈರಾಗಿ ಕಲ್ಯಾಣ ಊರಿನಲ್ಲಿರುವ ಮಗಳ ಮನೆಗೆ ಹೋದ ಮೇಲೂ ಪ್ರತಿ ಆಯುಧ ಪೂಜೆಯ ದಿನ ಫೋನ್ ಮಾಡುತ್ತಿದ್ದರು. ಕೇಳುತ್ತಿದ್ದದ್ದು ಒಂದೇ, "ಸೀಟು ಒರೆಸಿದ್ಯಾ?"

ಈ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮೊನ್ನೆ ಮಷಿನ್ನಿನ ಪಕ್ಕೆಗೆ ಬೊಟ್ಟಿಟ್ಟು, ಸೀಟನ್ನು ಎರಡು ಸಲ ಒರೆಸಿದೆ. ಬರುವುದಿಲ್ಲ ಎಂದು ಗೊತ್ತಿದ್ದೂ, ಊಟದ ಹೊತ್ತಿನವರೆಗೆ ಫೋನನ್ನು ಕಣ್ಣೆದುರೇ ಇಟ್ಟುಕೊಂಡಿದ್ದೆ.