ಚಿತ್ರಕ್ಕೆ ನಾಲ್ಕನೇ ಸ್ಥಾನ

ಮಿರ್ಲೆಯ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂದಾಗ ಎರಡು ಕಂಪ್ಯೂಟರ್‌ಗಳಿದ್ದವು. ನಡುಮನೆಯದು ನನ್ನದು. ಮೈಸೂರಿನ ಒಂದು ಅಚ್ಚುಕೂಟಕ್ಕೆ ಪುಸ್ತಕದ ಪುಟಗಳನ್ನು ಜೋಡಿಸಿ ಕಳಿಸುತ್ತಿದ್ದೆ. ಹಳೆಯದನ್ನು ತಂಗಿಗೆ ಕೊಟ್ಟಿದ್ದೆ. ಕೊಟ್ಟಿದ್ದೆ ಎಂದು ಬರೆಯುವಾಗಲೇ ಅನುಮಾನ: ಅವಳೇ ಜಗಳವಾಡಿ ತೆಗೆದುಕೊಂಡಿದ್ದಿರಬಹುದು.

ತಂಗಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಮೈಸೂರಿನ ಕಿವುಡು ಮಕ್ಕಳ ಶಾಲೆಯ ಹಾಸ್ಟೆಲಿನಲ್ಲಿ ಅವಳ ಜೊತೆ ಬೆಳೆದ ಗೆಳತಿಯ ಊರು ಎನ್. ಬೇಗೂರು. ಆ ಹುಡುಗಿ ಪ್ರತಿ ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಹೆಗ್ಗಡದೇವನಕೋಟೆಗೆ ಬಂದು, ಸೈಬರ್ ಅಂಗಡಿಯ ಕ್ಯಾಮೆರಾದ ಮುಂದೆ ಒಂದು ಗಂಟೆ ಕೂರುತ್ತಿದ್ದಳು. ಇಲ್ಲಿ ತಂಗಿ. ಇಬ್ಬರೂ ಕೈಯಲ್ಲಿ ಮಾತಾಡುತ್ತಿದ್ದರು.

ಲೈನು ಸಣ್ಣದು. ಅವಳು ಮಾತಿಗೆ ಕೂತರೆ ನನ್ನ ಪುಟಗಳು ತೆವಳುತ್ತಿದ್ದವು. ಯಾವುದಕ್ಕೆ ಮೊದಲು ದಾರಿ ಬಿಡಬೇಕೆಂದು ಮೋಡೆಮ್ಮಿಗೆ ಹೇಳಬಹುದು ಎಂದು ಗೊತ್ತಾದ ದಿನ ನಾನೇ ಪಟ್ಟಿ ಮಾಡಿದೆ. ಮೊದಲು ನನ್ನ ಫೈಲುಗಳು. ಆಮೇಲೆ ಇ-ಮೇಲ್. ಆಮೇಲೆ ಧ್ವನಿ. ನಾಲ್ಕನೆಯದಾಗಿ, ಎಲ್ಲಕ್ಕೂ ಕಡೆಗೆ, ಚಿತ್ರ. ಚಿತ್ರವೆಂದರೆ ಷೋಕಿ ಎಂದುಕೊಂಡಿದ್ದೆ. ಪಾಸ್‌ವರ್ಡ್ ನನ್ನೊಬ್ಬನಿಗೇ ಗೊತ್ತಿತ್ತು.

ಒಂದು ಭಾನುವಾರ (ಮಳೆ ಬರುತ್ತಿತ್ತೆಂದು ಬರೆಯಲು ಕೈ ಓಡುತ್ತದೆ, ಬರುತ್ತಿರಲಿಲ್ಲ) ಇಡೀ ಒಂದು ಪುಸ್ತಕ ಕಳಿಸುತ್ತಿದ್ದೆ. ತಂಗಿ ಬಂದು ಭುಜ ತಟ್ಟಿದಳು. ಐದು ನಿಮಿಷ ಎಂದು ಬೆರಳು ತೋರಿಸಿದೆ. ಮತ್ತೆ ಬಂದಳು. ಮತ್ತೆ ಐದು ಬೆರಳು. ಅವಳ ಪರದೆಯ ಮೇಲೆ ಗೆಳತಿಯ ಎರಡು ಕೈಗಳು ಎದೆಯ ಮುಂದೆ ನಿಂತೇಬಿಟ್ಟಿದ್ದವು. ಗಂಟೆ ಮುಗಿಯಿತು. ಆ ಹುಡುಗಿ ಬಸ್ಸಿಗೆ ಎದ್ದು ಹೋದಳು.

'ಟೈಪ್ ಮಾಡಬಹುದಿತ್ತಲ್ಲ' ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ಆಗಿನ ಚಾಟಿನಲ್ಲಿ ಕನ್ನಡ ಮೂಡುತ್ತಿರಲಿಲ್ಲ, ಅವರಿಬ್ಬರಿಗೆ ಇಂಗ್ಲಿಷು ಬರುತ್ತಿರಲಿಲ್ಲ. ತಂಗಿ ಕೆಳಗೆ ಬರೆದಳು: 'ನೀನು ಬಾಯಿಗೆ ಬಟ್ಟೆ ಕಟ್ಟಿಕೊಂಡು ಟೈಪ್ ಮಾಡು.' ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, ಚಿತ್ರ ನಿಲ್ಲುವ ಮೊದಲು ತಲುಪಿದ್ದ ವಿಷಯ. ಗೆಳತಿಗೆ ಗಂಡು ಬಂದಿದೆ. ಕಿವಿ ಕೇಳುವವನು. ಒಪ್ಪಲೋ ಬೇಡವೋ ಎಂದು ಕೇಳಲು ಅವಳಿಗೆ ಬೇರೆ ಯಾರೂ ಇಲ್ಲ, ಮನೆಯಲ್ಲಿ ಅವಳ ಕೈಮಾತು ಬಲ್ಲವರಿಲ್ಲ. ಇವತ್ತು ಸಂಜೆಯೊಳಗೆ ಉತ್ತರ ಹೇಳಬೇಕು.

ಅಪ್ಪ ಕಂಬಕ್ಕೊರಗಿ ಎಲ್ಲ ನೋಡುತ್ತಿದ್ದ. ನಾಲೆಯ ನೀರನ್ನು ಸರದಿಯ ಮೇಲೆ ಗದ್ದೆಗಳಿಗೆ ಬಿಡುವ ನೀರುಗಂಟಿಯಾಗಿ ವಯಸ್ಸು ಕಳೆದವನು.

"ಏನ್ಲಾ ಅದು ಪಟ್ಟಿ?"

ವಿವರಿಸಿದೆ.

"ಕೀಲಿ ಯಾರತ್ರ ಐತೆ?"

"ನನ್ನತ್ರ."

"ಮೊದ್ಲು ನೆನೆಯೋದು ಯಾರ ಗದ್ದೆ?"

"ನಂದು."

"ತೂಬಿನ ಕೀಲಿ ಸೊಂಟದಲ್ಲಿದ್ದಷ್ಟು ವರ್ಸನೂ ನಮ್ಮ ಗದ್ದೆಗೆ ಕಡೇಲಿ ಬುಟ್ಕೊಂಡಿವ್ನಿ ಕಣ್ಲಾ. ಎರಡು ಸಲ ಪೈರು ಒಣಗೋಯ್ತು. ನಿಮ್ಮವ್ವ ಮಕ್ಕೆ ಉಗುದ್ಲು. ಊರೋರು ಉಗೀಲಿಲ್ಲ ಬುಡು."

ಅಪ್ಪ ಇದನ್ನು ಅದೇ ದಿನ ಹೇಳಿದನೆಂದು ಪ್ರಮಾಣ ಮಾಡಲಾರೆ. ಎಷ್ಟೋ ದಿನ ಕಳೆದು ಹೇಳಿದ್ದನ್ನು, ಇಲ್ಲಿ ಚೆನ್ನಾಗಿ ಕೂರುತ್ತದೆಂದು ತಂದಿಟ್ಟಿರಬಹುದು. ಪಟ್ಟಿ ತಿದ್ದಿದ್ದಂತೂ ನಿಜ. ಚಿತ್ರ ಮೊದಲು, ನನ್ನ ಫೈಲುಗಳು ಕಡೆಗೆ. ಪಾಸ್‌ವರ್ಡನ್ನು ಬರೆದು ತಂಗಿಯ ಮೇಜಿಗೆ ಅಂಟಿಸಿದೆ.

ಮುಂದಿನ ಭಾನುವಾರ ಗೆಳತಿ ಬಂದಳು. ಅಷ್ಟರಲ್ಲಿ ವೀಳ್ಯಶಾಸ್ತ್ರ ಮುಗಿದು ಮದುವೆ ಗೊತ್ತಾಗಿತ್ತು. ಉತ್ತರಕ್ಕೆ ಕಾದ ಮನೆಯವರು ಅವಳು ಸುಮ್ಮನಿದ್ದದ್ದನ್ನೇ ಒಪ್ಪಿಗೆ ಎಂದುಕೊಂಡಿದ್ದರು. ನಾನು ನನ್ನ ಯಂತ್ರ ಆರಿಸಿ ಬಾಗಿಲಲ್ಲಿ ನಿಂತಿದ್ದೆ. ಅವಳ ಕೈತುಂಬ ಹೊಸ ಬಳೆಗಳಿದ್ದವು. ಆ ಕೈಗಳು ಬೇಗಬೇಗ ಏನೇನೋ ಹೇಳಿದವು. ನನಗೆ ಒಂದೂ ತಿಳಿಯಲಿಲ್ಲ, ಕಲಿತಿರಲಿಲ್ಲ. ಚಿತ್ರ ಒಮ್ಮೆಯೂ ನಿಲ್ಲಲಿಲ್ಲ.

ತಂಗಿಯ ಕೈಗಳು ಮಡಿಲಲ್ಲೇ ಇದ್ದವು.