ಗೌಸಿಯಾಬೇಗಂಳ ಚಾಲಚಲನ ಕಾಗದ

ಆ ಬೇಸಿಗೆಯಲ್ಲಿ ಗೌಸಿಯಾಬೇಗಂ ಇಜೇರಿಯಿಂದ ಠಾಣೆಗೆ ಬಂದದ್ದು ಇದು ಮೂರನೆಯ ಸಲ. ಊರಿಗೆ ಹೊಸದಾಗಿ ಅಂಗನವಾಡಿ ಬಂದಿತ್ತು, ಆಯಾ ಬೇಕಾಗಿತ್ತು; ಅವಳು ಅರ್ಜಿ ಹಾಕಿದ್ದಳು. ಗಂಡ ತೀರಿಕೊಂಡಾಗಿನಿಂದ ಆರು ವರ್ಷ, ಹೊಲಕ್ಕೆ ಹೋಗುವವರ ಕೂಸುಗಳ ಮೂಗು ಒರೆಸಿ, ತೂಗಿ ಮಲಗಿಸಿದವಳು ಅವಳೇ. ಆದರೆ ಮಕ್ಕಳ ನಡುವೆ ಇರುವವರ ಚಾಲಚಲನ, ಅಂದರೆ ನಡತೆ, ಪೊಲೀಸರು ವಿಚಾರಿಸಿ ಬರೆದುಕೊಡಬೇಕೆಂದು ಕಚೇರಿಯವರು ಹಟ ಹಿಡಿದಿದ್ದರು. ಅವಳಿಗೆ ಅದರ ಬಗ್ಗೆ ತಕರಾರಿರಲಿಲ್ಲ. ಕೂಸು ಬಿಟ್ಟುಹೋಗುವ ಜಾಗ, ಕೇಳಲಿ.

ಠಾಣೆಯ ರೈಟರ್ ಕಾಗದ ತಿರುವಿದ. "ಏನಬೇ, ಇಜೇರ್ಯಾಗ ನೀ ಇಲ್ಲೇ ಇಲ್ಲಂತಲ್ಲ?"

"ಹುಟ್ಟಿದ್ದೇ ಅಲ್ಲಿ ರೀ, ಸಾಹೇಬ್ರ."

"ನಮ್ಮ ಪೊಲೀಸ ಐದು ಮನಿ ಕೇಳ್ಯಾನ. ಐದೂ ಮನ್ಯಾಗ 'ಅಂಥಾಕಿ ಯಾರೂ ಇಲ್ಲ' ಅಂದಾರ. ನಾಳಿ ಇನ್ನೊಮ್ಮೆ ಕಳಸ್ತೇನಿ, ಇದೇ ಕಡೀದು. ಶನಿವಾರದೊಳಗ ಕಾಗದ ಹೋಗಲಿಲ್ಲಂದ್ರ ಬ್ಯಾರೇದಾಕಿನ್ನ ತಗೋತಾರ."

ಊರಿಗೆ ಬಂದವಳೇ ಪಕ್ಕದ ಮನೆಯ ಜಾನಕೀಬಾಯಿಯ ಕಟ್ಟೆಯ ಮೇಲೆ ಕುಸಿದಳು.

"ಪೊಲೀಸ ನಿನ್ನ ಹೆಸರ ಹಿಡದು ಬಂದಿದ್ದ ಬೇ," ಜಾನಕೀಬಾಯಿ ಬೀಗಿದಳು. "ನಾ ಬಿಟ್ಟುಕೊಡ್ತೇನೇನು? ಗೊತ್ತೇ ಇಲ್ಲಂತ ಅಟ್ಟಿಬಿಟ್ಟೆ!"

ಎದುರು ಮನೆಯ ಹುಸೇನಸಾಬ ಅಲ್ಲಿಂದಲೇ ಕೂಗಿದ: "ಆ ಹೆಸರೇ ಕೇಳಿಲ್ಲ ಅಂದೆ ನಾ!"

ಪೊಲೀಸ ಕೇಳಿದರೆ ಯಾರನ್ನೂ ತೋರಿಸಿಕೊಡಬಾರದು, ಅಜ್ಜಂದಿರ ಕಾಲದಿಂದ ಓಣಿಯ ರಿವಾಜು ಅದು. ಗೌಸಿಯಾಗೆ ಸಿಟ್ಟೂ ಬರಲಿಲ್ಲ. ಸಿಟ್ಟು ಬರಲಿಕ್ಕೂ ಮೈಯಲ್ಲಿ ಕಸುವು ಬೇಕು.

"ಯಕ್ಕಾ, ನೀವು ನನ್ನ ಉಳಿಸೀರಿ ಅನ್ಕೊಂಡೀರಿ. ನೌಕರಿ ಹೊಂಟದ. ನಾಳಿ ಬಂದ್ರ ಖರೇ ಹೇಳು."

"ಪೊಲೀಸಗ ಖರೇ ಹೇಳೂದಾ?" ಜಾನಕೀಬಾಯಿ ನಕ್ಕಳು. ಗೌಸಿಯಾ ನಗಲಿಲ್ಲ. ಜಾನಕೀಬಾಯಿಯ ನಗೆಯೂ ನಿಂತಿತು.

ಮರುದಿನ ಮುಂಜಾನೆ ಪೊಲೀಸ ಸೈಕಲ್ಲಿಳಿದು ಗೌಸಿಯಾಳ ಬಗ್ಗೆ ಕೇಳಿದಾಗ ಜಾನಕೀಬಾಯಿ ಒಳಗೆ ಹೋಗಿ ಮೊಮ್ಮಗಳನ್ನು ಎತ್ತಿ ತಂದು, ಪಕ್ಕದ ಬಾಗಿಲಲ್ಲಿ ನಿಂತಿದ್ದ ಗೌಸಿಯಾಳ ಬಗಲಿಗೆ ಕೊಟ್ಟು, ಕುಡುಗೋಲು ಹಿಡಿದಳು.

"ನಮಗ ಮಾತಾಡಾಕ ಬರಂಗಿಲ್ರಿ. ನಾ ಹೊಲಕ್ಕ ಹೊಂಟೇನಿ. ಸಂಜೀತನಕ ಕೂಸು ಈಕಿ ಕಡೆ ಇರ್ತದ. ಇದ್ನ ಬರಕೋರಿ."

ಹೋಗಿಯೇಬಿಟ್ಟಳು. ಹುಸೇನಸಾಬ ತಲೆ ಕೆರೆದುಕೊಳ್ಳುತ್ತ ಬಂದು ಸಾಕ್ಷಿಗೆಂದು ಹೆಬ್ಬೆಟ್ಟು ಮುಂದೆ ಮಾಡಿದ. ಪೊಲೀಸ ಗೋಡೆಗೆ ಹಾಳೆ ಒತ್ತಿ ಬರೆಯತೊಡಗಿದ. ಕೂಸು ರಚ್ಚೆ ಹಿಡಿದಿತ್ತು. ಗೌಸಿಯಾ ನಿಂತೇ ತಟ್ಟುತ್ತಿದ್ದಳು. ಕೂತರೆ ಮತ್ತೆ ಏಳಲಾರೆ ಎಂದು ಅವಳಿಗೆ ಗೊತ್ತಿತ್ತು.