ಜೀಪ್ ಶೆಡ್ಡಿನ ಫೋನು

ತೊಂಬತ್ತರ ದಶಕದಲ್ಲಿ ಕಳಸದ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ನಾನು ರೈಟರ್ ಆಗಿದ್ದೆ. ಲೆಕ್ಕಪತ್ರದ ಜೊತೆಗೆ ಫೋನಿನ ಪೆಟ್ಟಿಗೆಯೂ ನನ್ನ ಪಾಲಿಗೆ ಬಂದಿತ್ತು. ಹೊರಗಿನ ಲೈನು ಸತ್ತರೂ ಬಂಗಲೆ, ಆಫೀಸು, ಡಿಸ್ಪೆನ್ಸರಿ, ಜೀಪ್ ಶೆಡ್ಡುಗಳ ನಡುವೆ ನಮ್ಮದೇ ಫೋನುಗಳು ಕೆಲಸ ಮಾಡುತ್ತಿದ್ದವು. ಅದರ ಕೋಡುಗಳು ಗೊತ್ತಿದ್ದವನು ನಾನೊಬ್ಬನೇ. ಎಸ್ಸೆಸ್ಸೆಲ್ಸಿ ಓದಿದವನಿಗೆ ಅದೊಂದು ಜಂಬ.

ಹಣ್ಣು ಕೊಯ್ಲಿನ ದಿನಗಳಲ್ಲಿ ಜೀಪು ತೋಟದಲ್ಲೇ ಇರುತ್ತಿತ್ತು. ಶೆಡ್ಡಿನ ಫೋನು ಎತ್ತುವವರಿಲ್ಲದೆ ಬಡಿದುಕೊಳ್ಳುತ್ತಿದ್ದುದರಿಂದ ಅಲ್ಲಿಗೆ ಬರುವ ಕರೆಗಳನ್ನು ಕೋಡ್ ಒತ್ತಿ ಆಫೀಸಿನ ನನ್ನ ಮೇಜಿಗೆ ತಿರುಗಿಸಿಡುತ್ತಿದ್ದೆ. ಶನಿವಾರ ಸಂಜೆ ಅದನ್ನು ತೆಗೆದು, ಕರೆ ಮತ್ತೆ ಶೆಡ್ಡಿಗೇ ಹೋಗುವಂತೆ ಮಾಡಬೇಕು. ಭಾನುವಾರ ಸಂತೆ, ಆಫೀಸಿಗೆ ಬೀಗ, ತುರ್ತಿಗೆಂದು ಡ್ರೈವರ್ ಶೆಡ್ಡಿನಲ್ಲಿ. ಒಂದು ಶನಿವಾರ ಮೂಡಿಗೆರೆಯ ಕೊನೆಯ ಬಸ್ಸು ತಪ್ಪೀತೆಂದು ಓಡಿದೆ. ಮರೆತೆ.

ಮರುದಿನ ಹಣ್ಣು ಕೊಯ್ಯುವ ಹೆಂಗಸೊಬ್ಬಳಿಗೆ ಹೆರಿಗೆಯಲ್ಲಿ ರಕ್ತ ನಿಲ್ಲಲಿಲ್ಲ. ಎಸ್ಟೇಟಿನ ಸಾಹುಕಾರರು ಬಂಗಲೆಯವರನ್ನೆಲ್ಲ ಕರೆದುಕೊಂಡು ಚಿಕ್ಕಮಗಳೂರಿಗೆ ಹೋಗಿದ್ದರು. ಡಿಸ್ಪೆನ್ಸರಿಯ ನರ್ಸ್ ಜೀಪಿಗಾಗಿ ಶೆಡ್ಡಿಗೆ ಮತ್ತೆ ಮತ್ತೆ ಫೋನ್ ಮಾಡಿದಳು. ಬೀಗ ಹಾಕಿದ ಆಫೀಸಿನಲ್ಲಿ ಗಂಟೆ ಹೊಡೆದಿರಬೇಕು. ಕೊನೆಗೆ ಯಾರೋ ಓಡಿಹೋಗಿ ಜೀಪು ತರುವಷ್ಟರಲ್ಲಿ ಬಾಣಂತಿಯ ಪ್ರಾಣ ಹೋಗಿತ್ತು.

ಸೋಮವಾರ ಎಲ್ಲರೂ ಸಾಹುಕಾರರ ಮುಂದೆ ನಿಂತಿದ್ದೆವು.

"ಬೆಳಗಿಂದ ಫೋನಿನ ಬುಡದಲ್ಲೇ ಕೂತಿದ್ದೆ ಸಾವ್ಕಾರ್ರೇ, ಒಂದ್ಸಲನೂ ಹೊಡೀಲಿಲ್ಲ," ಎಂದ ಡ್ರೈವರ್. "ಸಿಸ್ಟರಮ್ಮ ಟೀವಿ ಪಿಚ್ಚರ್ ಮುಗಿಸ್ಕಂಡು ಫೋನ್ ಮಾಡಣ ಅಂತಿದ್ರೋ ಏನೋ."

"ನಾಲಿಗೆ ಬಿಗಿ ಹಿಡಿ ಮಾರಾಯ!" ನರ್ಸ್ ಅವನ ಕಡೆ ತಿರುಗಿದಳು. "ರಿಂಗ್ ಆಗ್ತಾನೇ ಇತ್ತು. ಎತ್ತೋರಿರ್ಲಿಲ್ಲ."

"ರೈಟ್ರೇ, ಲೈನ್ ನೋಡಿ ಹೇಳಿ," ಎಂದರು ಸಾಹುಕಾರರು.

ಒಳಗೆ ಹೋಗಿ ನನ್ನ ಮೇಜಿನಿಂದ ಶೆಡ್ಡಿಗೆ ಡಯಲ್ ಮಾಡಿದೆ. ಎಂಗೇಜ್ ಟೋನ್ ಬಂತು. ಶೆಡ್ಡಿನಲ್ಲಿ ಯಾರೂ ಇಲ್ಲ, ಡ್ರೈವರ್ ಹೊರಗೆ ನಿಂತಿದ್ದಾನೆ. ಕರೆ ಸುತ್ತಿಕೊಂಡು ನನ್ನ ಕೈಯಲ್ಲಿದ್ದ ಫೋನಿಗೇ ಬರುತ್ತಿತ್ತು. ಶನಿವಾರದ ಬಸ್ಸು ನೆನಪಾಯಿತು. ಬಾಗಿಲ ಕಡೆ ತಿರುಗಿದೆ, ಯಾರೂ ನೋಡುತ್ತಿರಲಿಲ್ಲ. ಕೋಡ್ ಒತ್ತಿ, ತಿರುಗಿಸಿಟ್ಟಿದ್ದನ್ನು ತೆಗೆದೆ.

ಆಮೇಲೆ ಡ್ರೈವರನನ್ನು ಶೆಡ್ಡಿಗೆ ಕಳಿಸಿ, ಸಾಹುಕಾರರ ಎದುರೇ ಡಿಸ್ಪೆನ್ಸರಿಯಿಂದ ಡಯಲ್ ಮಾಡಿದೆ. "ಹಲೋ," ಎಂದ ಅವನು. ರಿಸೀವರನ್ನು ಸಾಹುಕಾರರ ಕೈಗೆ ಕೊಟ್ಟೆ.

"ಲೈನಲ್ಲಿ ಏನೂ ತೊಂದ್ರೆ ಇಲ್ಲ ಸಾರ್."

ನರ್ಸ್ ಅವತ್ತೇ ಕೆಲಸ ಕಳೆದುಕೊಂಡಳು. ಅವಳ ಟ್ರಂಕನ್ನು ಬಸ್ಸಿನ ತನಕ ನಾನೇ ಹೊತ್ತೆ. ಕನಿಕರದಿಂದಲ್ಲ, ಅವಳು ಬೇಗ ಹೋಗಿಬಿಡಲಿ ಎಂದು. ರಸ್ತೆ ಬದಿಯಲ್ಲಿ ಕಾಯುವಾಗ ಅವಳು ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು.

"ನೀವು ನೋಡಿದ್ರಲ್ಲ ಅಣ್ಣ. ಲೈನ್ ಸರಿ ಇತ್ತು ಅಂದ್ರೆ ಗಾಬರೀಲಿ ನಾನೇ ಬೇರೆ ನಂಬರ್ ಒತ್ತಿದೀನಿ. ಅವಳನ್ನ ನಾನೇ ಕೊಂದೆ, ಅಲ್ವಾ?"

ಅಲ್ಲ ಎಂಬ ಒಂದು ಮಾತು ಸಾಕಿತ್ತು.

"ಬಸ್ ಬಂತು, ಹತ್ತಮ್ಮ," ಎಂದೆ.

ಅವಳು ಎಲ್ಲಿಗೆ ಹೋದಳೋ ತಿಳಿಯದು. ನಾನು ಹುಡುಕಲೂ ಇಲ್ಲ. ಬದುಕಿದ್ದರೆ, ಆ ಸಾವು ತನ್ನ ಕೈಯಿಂದಲೇ ಆಯಿತೆಂದು ಇಂದಿಗೂ ನಂಬಿರುತ್ತಾಳೆ.